ನೀರುಗಂಟಿ ಕರಿಯಣ್ಣನವರ ಬರಿಗಾಲು

ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಊರಿನ ನಾಯಿಗಳು ಸಹ ನೆರಳು ಹುಡುಕಿಕೊಂಡು ಮಲಗಿರುವ ಹೊತ್ತಿಗೆ, ಕರಿಯಣ್ಣನವರು ಕೆರೆ ಏರಿಯ ತುದಿಯ ಹೊಂಗೆಮರದ ಬುಡದಲ್ಲಿ ತಮ್ಮ ಚಪ್ಪಲಿಗಳನ್ನು ಜೋಡಿಸಿಟ್ಟು ಬರಿಗಾಲಿನಲ್ಲಿ ಹೊರಡುತ್ತಿದ್ದರು. ಹೋಗುವಾಗ ಏರಿಯ ಮೇಲೆ. ಬರುವಾಗ ಏರಿಯ ಹಿಂಬದಿಯ ಬುಡದಲ್ಲಿ, ತೆಂಗಿನ ತೋಟಗಳ ಬೇಲಿಯ ಪಕ್ಕದಲ್ಲಿ. ಪ್ರತಿಯೊಂದು ಹೆಜ್ಜೆಯನ್ನೂ ಪೂರ್ತಿಯಾಗಿ ಊರಿ, ಒಂದು ಕ್ಷಣ ತಡೆದು, ಅನಂತರ ಮುಂದಿನ ಹೆಜ್ಜೆಯನ್ನು ಎತ್ತುತ್ತಿದ್ದರು. ಮಳೆಗಾಲ ಮುಗಿದು ಕೆರೆಯಲ್ಲಿ ನೀರು ನಿಂತಿರುವಷ್ಟು ದಿನವೂ ಈ ಕ್ರಮಕ್ಕೆ ರಜೆಯಿರಲಿಲ್ಲ.

ಹಂದನಕೆರೆ ಕಡೆಯ ಸದರಿ ಗ್ರಾಮಕ್ಕೆ ನಾನು ಪಂಚಾಯ್ತಿ ಕಾರ್ಯದರ್ಶಿಯಾಗಿ ಬಂದು ಹಾಜರಾದದ್ದು ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ. ಕರಿಯಣ್ಣನವರು ಆ ಊರಿನ ನೀರುಗಂಟಿ. ಕೆರೆಯ ಎರಡು ತೂಬುಗಳನ್ನು ತೆರೆಯುವುದು, ಮುಚ್ಚುವುದು, ಯಾರ ಗದ್ದೆಗೆ ಮತ್ತು ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನಿರ್ಧರಿಸುವುದು ಅವರ ಮನೆತನಕ್ಕೆ ತಲೆತಲಾಂತರದಿಂದ ಬಂದ ಕೆಲಸವಾಗಿತ್ತು. ಬರಿಗಾಲಿನ ನಡಿಗೆಯನ್ನು ಊರಿನವರೆಲ್ಲರೂ ಗಂಗಮ್ಮನ ಮೇಲಿನ ಭಕ್ತಿಯೆಂದೇ ತಿಳಿದಿದ್ದರು. ನಾನೂ ಹಾಗೆಯೇ ತಿಳಿದು ಒಂದು ದಿನ, “ಹರಕೆ ಏನಾದರೂ ಇದೆಯೇ ಕರಿಯಣ್ಣ?” ಎಂದು ವಿಚಾರಿಸಿದೆ.

“ಯಾವ ಹರಕೆ ಸೆಕ್ರೆಟ್ರಪ್ಪ? ಬಿಸ್ಲಿಗೆ ನೆಲ ಕಾಯ್ತದಾ? ಒಳಗೆ ನೀರು ಜಿನುಗೋ ಕಡೆ ಕಾಯಾಕಿಲ್ಲ. ಕಣ್ಣಿಗೆ ಕಾಣೋ ಒತ್ಗೆ ಏರಿ ಹೋಗಿರ್ತದೆ. ಕಾಲಿಗೆ ಮೊದ್ಲೇ ಗೊತ್ತಾಯ್ತದೆ.”

“ಹಾಗಾದರೆ ಊರಿನವರಿಗೆ ಏಕೆ ತಿಳಿಸಿಲ್ಲ?”

“ಭಕ್ತಿ ಅಂದ್ಕೊಂಡ್ರೆ ದಾರಿ ಬುಡ್ತಾರೆ. ಕೆಲ್ಸ ಅಂತ ಗೊತ್ತಾದ್ರೆ ಅಡ್ಡ ನಿಂತ್ಕೊಂಡು ಬುದ್ಧಿ ಹೇಳ್ತಾರೆ ಕಣಪ್ಪ” ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಪಂಚಾಯ್ತಿಯ ರೇಡಿಯೋ ನನ್ನ ವಶದಲ್ಲಿತ್ತು. ಪ್ರತಿ ಸಂಜೆ ಕರಿಯಣ್ಣನವರು ಕಚೇರಿಯ ಮೆಟ್ಟಿಲಿನ ಮೇಲೆ ಕುಳಿತು ವಾರ್ತೆ ಮುಗಿಯುವವರೆಗೂ ಬೀಡಿ ಕಟ್ಟನ್ನು ತಿರುಗಿಸುತ್ತಿದ್ದು, ವಾರ್ತೆ ಓದುವಾಕೆ ಹವಾಮಾನದ ಮಾತಿಗೆ ಬಂದ ಕೂಡಲೇ ಕೈ ನಿಲ್ಲಿಸುತ್ತಿದ್ದರು. ಕೇಳಿ ಮುಗಿಸಿದ ಮೇಲೆ ಅವರ ಅಭಿಪ್ರಾಯ ಸಾಮಾನ್ಯವಾಗಿ ಒಂದೇ ಆಗಿರುತ್ತಿತ್ತು: “ಆಯಮ್ಮ ಬೆಂಗ್ಳೂರಲ್ಲಿ ಕುಂತ್ಕೊಂಡು ನಮ್ಮೂರ್ ಮಳೆ ಹೇಳ್ತಾಳೆ. ಒಂದಿನ ಬಂದು ನಮ್ ಏರಿ ಮ್ಯಾಲೆ ನಡೆದವ್ಳಾ?” ಹೀಗೆ ಹೇಳಿದರೂ ಮಾರನೆಯ ಸಂಜೆ ತಪ್ಪದೆ ಹಾಜರಾಗುತ್ತಿದ್ದರು.

ಆ ವರ್ಷ ಹಿಂಗಾರು ಧಾರಾಳವಾಗಿ ಸುರಿದು, ದೀಪಾವಳಿಯ ಹೊತ್ತಿಗೆ ಕೆರೆ ಕೋಡಿ ಬೀಳಲು ಒಂದು ಗೇಣು ಮಾತ್ರ ಬಾಕಿಯಿತ್ತು. ಒಂಬತ್ತು ವರ್ಷಗಳಿಂದ ಆ ಕೆರೆ ತುಂಬಿ ಹರಿದಿರಲಿಲ್ಲ. ಹೆಣ್ಣುಮಕ್ಕಳು, ಅಳಿಯಂದಿರು ಹಬ್ಬಕ್ಕೆ ಬಂದಿಳಿದಿದ್ದರು. ಶನಿವಾರ ನೀರು ತುಂಬುವ ಹಬ್ಬ. ಅಂದಿನಿಂದ ಮಂಗಳವಾರದವರೆಗೂ ಕಚೇರಿಗಳಿಗೆ ರಜೆ. ಓವರ್‌ಸಿಯರ್ ಸಾಹೇಬರು ಕೆರೆ ಕಟ್ಟೆಗಳ ಉಸ್ತುವಾರಿಯನ್ನು ಬಿಟ್ಟು ತಮ್ಮ ಊರಿಗೆ ತೆರಳಿದ್ದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೆಂದೂ, ಹಬ್ಬದ ದಿನಗಳಲ್ಲಿ ದಕ್ಷಿಣ ಒಳನಾಡಿನಲ್ಲಿ ಗುಡುಗು ಗಾಳಿ ಸಹಿತ ಭಾರೀ ಮಳೆಯಾಗಬಹುದೆಂದೂ, ತಗ್ಗಿನಲ್ಲಿರುವವರು ಎಚ್ಚರದಿಂದಿರಬೇಕೆಂದೂ ಹಿಂದಿನ ಸಂಜೆಯೇ ರೇಡಿಯೋ ತಿಳಿಸಿತ್ತು. ಊರಿನವರಿಗೆ ಇದು ಶುಭ ಸಮಾಚಾರವಾಗಿ ಕೇಳಿಸಿತು. ಹಬ್ಬದಲ್ಲೇ ಕೋಡಿ ಬೀಳುತ್ತದೆಯೆಂದು ಎಲ್ಲರೂ ಹಿಗ್ಗಿದರು.

ಶನಿವಾರ ಮಧ್ಯಾಹ್ನ ಕರಿಯಣ್ಣನವರು ಚಪ್ಪಲಿಗಳನ್ನು ಮರದ ಬುಡದಲ್ಲಿಯೇ ಮರೆತು, ರಜೆಯಲ್ಲಿಯೂ ನಾನು ಕುಳಿತಿದ್ದ ಕಚೇರಿಗೆ ಬಂದರು. ಅದೊಂದರಿಂದಲೇ ನನಗೆ ಗಾಬರಿಯಾಯಿತು.

“ಸೆಕ್ರೆಟ್ರಪ್ಪ, ತೂಬಿನ ಹಿಡಿ ಕೊಡಿ. ದೊಡ್ಡ ತೂಬಿನ ಆಚೆಗೆ ಏರಿ ಬುಡ ತಣ್ಣಗೈತೆ. ಇವತ್ತು ಆಯಮ್ಮಂದೂ ನಂದೂ ಒಂದೇ ಮಾತು. ಮಳೆ ಬರಾಕ್ ಮುಂಚೆ ಒಂದ್ ಗೇಣಾದ್ರೂ ಇಳಿಸ್ಬೇಕು.”

ತೂಬನ್ನು ತಿರುಗಿಸುವ ಕಬ್ಬಿಣದ ಹಿಡಿ ಕಚೇರಿಯ ಬೀರುವಿನಲ್ಲಿತ್ತು. ನೀರು ಹಾಯಿಸುವ ದಿನಗಳನ್ನು ಬಿಟ್ಟರೆ ಚೇರ್ಮನ್ನರ ಅಪ್ಪಣೆಯಿಲ್ಲದೆ ಅದನ್ನು ಕೊಡಲು ನನಗೆ ಅಧಿಕಾರವಿರಲಿಲ್ಲ. ಇಬ್ಬರೂ ಚೇರ್ಮನ್ ನಂಜಪ್ಪನವರ ಮನೆಗೆ ಹೋದೆವು. ತೋಟ, ಕೊಬ್ಬರಿ ವ್ಯಾಪಾರ ಎರಡೂ ಇದ್ದ ಅನುಕೂಲಸ್ಥರು ಅವರು. ಅವರ ಮಗಳಿಗೆ ಅದು ಮದುವೆಯಾದ ಮೊದಲನೆಯ ದೀಪಾವಳಿ. ಅಳಿಯಂದಿರಿಗೆ ಕೋಡಿ ತೋರಿಸುವುದಾಗಿ ಮಾತು ಕೊಟ್ಟಿದ್ದರು.

“ಒಂಬತ್ತ್ ವರ್ಷ ಆಯ್ತು ಕಣ್ಲಾ ಕೋಡಿ ಬಿದ್ದು! ಊರೆಲ್ಲ ಹಂಡೆಗೆ ನೀರು ತುಂಬ್ತಾ ಐತೆ, ನೀನು ಕೆರೆ ಖಾಲಿ ಮಾಡ್ತೀನಿ ಅಂತ ಬಂದಿದ್ದೀಯಲ್ಲ, ತಲೆ ಸರಿಗೈತಾ ನಿಂಗೆ?”

“ತಲೆ ಸರಿಗೈತೆ ಸ್ವಾಮಿ, ಕಾಲೇ ತಣ್ಣಗಾಗಿರೋದು. ಮೋಡ ಮುಚ್ಚೋದ್ರೊಳಗೆ ಒಂದ್ ಸಲ ಬಂದು ಕಾಲೂರಿ ನೋಡ್ಬುಡಿ.”

“ಹಬ್ಬದ ದಿನ ನಾನು ಏರಿ ಹಿಂದೆ ಬರಿಗಾಲಲ್ಲಿ ಓಡಾಡ್ಲಾ? ಸೆಕ್ರೆಟ್ರಿ, ನೀವೋಗಿ ನೋಡ್ಕೊಂಡ್ ಬನ್ರೀ.”

ನಾನು ಹೋದೆ. ಬೂಟು ಕಳಚಿ ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಂಗಾಲು ಉರಿದು ಕಣ್ಣಲ್ಲಿ ನೀರು ಬಂತು. ದೊಡ್ಡ ತೂಬನ್ನು ದಾಟಿದ ಮೇಲೆ ಇದ್ದಕ್ಕಿದ್ದಂತೆ ಒದ್ದೆ ಬಟ್ಟೆಯ ಮೇಲೆ ಕಾಲಿಟ್ಟಂತಾಯಿತು. ಬಗ್ಗಿ ನೋಡಿದೆ, ಮಣ್ಣು ಒಣಗಿದಂತೆಯೇ ಕಾಣುತ್ತಿತ್ತು. ಮತ್ತೆ ಕಾಲಿಟ್ಟೆ; ತಣ್ಣಗಿತ್ತು. ಆ ಜಾಗಕ್ಕೆ ನೇರವಾಗಿ, ತೋಟದ ಆಚೆಗೆ, ಕೆಳಗೇರಿಯ ಮನೆಗಳ ಹೆಂಚುಗಳು ಕಾಣುತ್ತಿದ್ದವು. ಹೆಂಗಸರು ಬಾಗಿಲಿನಲ್ಲಿ ಹಂಡೆ ಬೆಳಗುತ್ತಿದ್ದರು.

ನನ್ನ ವರದಿಯನ್ನು ಕೇಳಿ ಚೇರ್ಮನ್ನರು, “ಮಳೆ ಬರ್ದೆ ನೀರು ಹಾಳಾದ್ರೆ ಜನ ನನ್ ಹತ್ರ ಬತ್ತಾರೆ. ಹೊಣೆ ನಂದು ಅಂತ ಅವನು ಬರ್ಕೊಡ್ಲಿ” ಎಂದರು.

ಕರಿಯಣ್ಣನವರು ಒಡನೆಯೇ ಹೇಳಲಾರಂಭಿಸಿದರು. “ವಿಷಯ ಅಂತ ಹಾಕ್ತೀರಲ್ಲ, ಅಲ್ಲಿಗೆ ಕೆರೆ ಅಂತ ಹಾಕಿ. ಹಬ್ಬ ಕಳೆಯೋದ್ರೊಳಗೆ ಬುಟ್ಟಷ್ಟು ನೀರು ತಿರ್ಗಾ ಬರ್ದೆ ಹೋದ್ರೆ ನೀರುಗಂಟಿ ಕೆಲ್ಸ ನಂಗೂ ಬ್ಯಾಡ, ನನ್ ಮಗಂಗೂ ಬ್ಯಾಡ ಅಂತ ಬರೀರಿ.” ನಾನು ಅದನ್ನು ಕಚೇರಿ ಭಾಷೆಗೆ ಪರಿವರ್ತಿಸಿ ಓದಿದೆ. “ಇಷ್ಟುದ್ದ ನಾನ್ ಹೇಳಿದ್ನಾ?” ಎಂದು ಕೇಳಿ ಹೆಬ್ಬೆಟ್ಟು ಒತ್ತಿದರು. ನಾನು ಕಚೇರಿಗೆ ಬಂದು ಕಾಗದಕ್ಕೆ ಆವಕ ಸಂಖ್ಯೆ ಹಾಕಿ, ಬೀರುವಿನಿಂದ ಹಿಡಿಯನ್ನು ತೆಗೆದುಕೊಟ್ಟೆ.

ಎರಡು ತೂಬುಗಳನ್ನೂ ತೆರೆದರು. ತಣ್ಣಗಿದ್ದ ಜಾಗದ ಮೇಲೆ ದಪ್ಪ ಮರಳು ಮತ್ತು ಜಲ್ಲಿ ತುಂಬಿದ ಚೀಲಗಳನ್ನು ಪೇರಿಸಿದರು. ಚೀಲಗಳು ಚೇರ್ಮನ್ನರ ಮಳಿಗೆಯ ಕೊಬ್ಬರಿ ಚೀಲಗಳೇ. “ಒಳಗಿನ ನೀರು ಬರ್ಲಿ, ಮಣ್ಣು ಬರ್ಬಾರ್ದು” ಎಂದು ಕರಿಯಣ್ಣನವರು ಒಂದೊಂದು ಚೀಲವನ್ನೂ ತುಳಿದು ಕೂರಿಸಿದರು.

ಭಾನುವಾರ ಬೆಳಗ್ಗೆ ಊರೆಲ್ಲ ಎಣ್ಣೆಸ್ನಾನ ಮಾಡಿ ಹೊರಗೆ ಬಂದಾಗ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಕೆರೆಯ ನೀರು ಕಾಲುವೆಯಲ್ಲಿ ಹರಿದುಹೋಗುತ್ತಲೇ ಇತ್ತು. “ಕರಿಯಣ್ಣೋ, ನಿನ್ ಮಳೆ ತಿಪ್ಟೂರಲ್ಲಿ ಬಸ್ ತಪ್ಪಿಸ್ಕೊಂಡಿರ್ಬೇಕು ಕಣೋ!” ಎಂದು ಪಡಸಾಲೆಯಲ್ಲಿದ್ದವರು ಕೂಗಿದರು. “ಬತ್ತದೆ ಬುಡ್ರಪ್ಪ, ಹಬ್ಬ ಅಲ್ವಾ, ರಶ್ಶು” ಎಂದರು ಅವರು. ಆದರೆ ಅಂದು ಅವರು ಒಬ್ಬಟ್ಟು ಮುಟ್ಟಲಿಲ್ಲವೆಂದು ಅವರ ಮಗ ನನಗೆ ತಿಳಿಸಿದನು. ತೂಬಿನ ಹತ್ತಿರದ ಅಳತೆಗಲ್ಲಿನಲ್ಲಿ ನೀರು ಒಂದು ಗೇಣು ಇಳಿದಿತ್ತು. ಚೇರ್ಮನ್ನರು ಬಂದು ಅದನ್ನು ನೋಡಿಕೊಂಡು ಹಿಂದಿರುಗಿದರು.

ಮೂರು ಗಂಟೆಯ ಸುಮಾರಿಗೆ ಮೂಡಲ ದಿಕ್ಕು ಕಪ್ಪಾಯಿತು. ಮೊದಲು ಗಾಳಿ ಬಂದು ತೆಂಗಿನ ಸೋಗೆಗಳನ್ನು ಒಂದೇ ಕಡೆಗೆ ಬಾಚಿತು, ಅನಂತರ ಮಳೆ. ಭಾನುವಾರ ಸಂಜೆಯಿಂದ ಸೋಮವಾರ ಸಂಜೆಯವರೆಗೆ ಅದು ಬಿಡಲಿಲ್ಲ. ಹಳ್ಳ ಉಕ್ಕಿ ಕಂದಿಕೆರೆ ಕಡೆಯ ಬಸ್ಸು ನಿಂತಿತು. ಪಟಾಕಿಗಳೆಲ್ಲ ನೆನೆದುಹೋದವು. ಕರಿಯಣ್ಣನವರು ಗೋಣಿಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಮರಳಿನ ಚೀಲಗಳ ಎದುರಿಗೆ ಕುಳಿತಿದ್ದರು. ಚೀಲಗಳ ಸಂದಿಯಿಂದ ಮಣಿಕಟ್ಟಿನಷ್ಟು ದಪ್ಪದ ನೀರು ಬರುತ್ತಿತ್ತು. ಅವರು ಅದನ್ನು ಆಗಾಗ್ಗೆ ಬೊಗಸೆಯಲ್ಲಿ ಹಿಡಿದು ನೋಡಿ, “ತಿಳಿಯಾಗೈತೆ” ಎಂದಷ್ಟೇ ಹೇಳುತ್ತಿದ್ದರು. ಏರಿ ನಿಂತಿತು.

ಮಂಗಳವಾರ ಬೆಳಗ್ಗೆ ಬೆಳಕಾದಾಗ ಕೆರೆ ಎರಡು ಬೆರಳಿನಷ್ಟು ಎತ್ತರಕ್ಕೆ ಕೋಡಿಯ ಮೇಲೆ ಹರಿಯುತ್ತಿತ್ತು. ಚೇರ್ಮನ್ನರ ಮಗಳು, ಅಳಿಯ ಅರಿಶಿನ ಕುಂಕುಮ ಹಾಕಿ ಕೈಮುಗಿದರು. ಚೇರ್ಮನ್ನರು ಮೊದಲನೆಯ ತೆಂಗಿನಕಾಯನ್ನು ಕರಿಯಣ್ಣನವರ ಕೈಗೆ ಕೊಟ್ಟು, “ಒಡೀಲಾ, ಇಷ್ಟೊತ್ತು ನೋಡ್ತಾ ನಿಂತವ್ನೆ” ಎಂದು ಗದರಿ, ನನ್ನ ಕಡೆಗೆ ತಿರುಗಿ, “ಆ ಕಾಗ್ದ ಹರಿದಾಕ್ರಿ” ಎಂದರು. ಆವಕ ಸಂಖ್ಯೆ ಬಿದ್ದ ಕಾಗದವನ್ನು ಹರಿಯಲು ಅವಕಾಶವಿಲ್ಲವೆಂದು ನಾನು ವಿನಯಪೂರ್ವಕವಾಗಿ ತಿಳಿಸಿದೆ. ಕರಿಯಣ್ಣನವರು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನೀರು ಇಳಿಸದಿದ್ದರೆ ಏರಿ ನಿಜವಾಗಿಯೂ ಒಡೆಯುತ್ತಿತ್ತೇ ಎಂದು ನಾನು ಅವರನ್ನು ಆ ಮೇಲೆ ಕೇಳಿದೆ.

“ಒಡೀತಿತ್ತೋ ಇಲ್ವೋ ಯಾರಿಗ್ಗೊತ್ತು? ಅದು ಗೊತ್ತಾಗಾಕೆ ಬುಡ್ಬಾರ್ದು ಕಣಪ್ಪ” ಎಂದರು.

ಎರಡು ವರ್ಷಗಳ ನಂತರ ನನಗೆ ತುರುವೇಕೆರೆ ಕಡೆಗೆ ವರ್ಗವಾಯಿತು. ಎಂಬತ್ತರ ದಶಕದ ನಡುವಿನಲ್ಲಿ ಒಂದು ಸಲ ಆ ಊರಿಗೆ ಹೋಗುವ ಸಂದರ್ಭ ಬಂತು. ಅದೇ ಕೊನೆಯ ಭೇಟಿಯೆಂದು ಆಗ ತಿಳಿದಿರಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಕರಿಯಣ್ಣನವರು ತೀರಿಕೊಂಡಿದ್ದರು. ನಾನು ಹೋದ ದಿನ ಅವರು ಹೊಂಗೆಮರದ ಕೆಳಗೆ ಕುಳಿತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಮಂಡಿ ನಡೆಯಗೊಡುತ್ತಿರಲಿಲ್ಲ. ಧ್ವನಿಯಿಂದಲೇ ನನ್ನನ್ನು ಗುರುತಿಸಿದರು.

“ಸೆಕ್ರೆಟ್ರಪ್ಪನಾ? ಒಳ್ಳೆ ಒತ್ಗೆ ಬಂದ್ರಿ. ನನ್ ಮಗ ತಿಪ್ಟೂರಿಗೆ ಹೋಗವ್ನೆ. ಬೂಟು ಬಿಚ್ಚಿ, ಒಂದ್ ಸಲ ಹೋಗಿ ಬನ್ನಿ. ಬಾಯಲ್ಲೇ ಹೇಳಿ, ಬರ್ಕೊಡ್ಬ್ಯಾಡಿ.”

ನಾನು ಬೂಟುಗಳನ್ನು ಅವರ ಚಪ್ಪಲಿಗಳ ಪಕ್ಕದಲ್ಲಿಟ್ಟು ಏರಿಯ ಮೇಲೆ ಹೋಗಿ, ಹಿಂಬದಿಯ ಬುಡದಲ್ಲಿ ಬಂದೆ. ದೊಡ್ಡ ತೂಬಿನ ಆಚೆ ನಿಂತು ಎರಡು ಸಲ ಕಾಲೂರಿದೆ. ದಾರಿಯಲ್ಲಿ ಎದುರಾದ ಹೆಂಗಸೊಬ್ಬಳು ಭಕ್ತಿಯಿಂದ ಪಕ್ಕಕ್ಕೆ ಸರಿದು ನಿಂತಳು. ಮರದ ಕೆಳಗೆ ಬಂದು, “ಎಲ್ಲಿಯೂ ತಣ್ಣಗಿಲ್ಲ ಕರಿಯಣ್ಣ. ಅಂಗಾಲು ಸುಟ್ಟುಹೋಯಿತು” ಎಂದು ವರದಿ ಒಪ್ಪಿಸಿದೆ.

“ಸುಡ್ಲಿ ಬುಡಿ” ಎಂದು ಅವರು ಮರಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು.