ಶಾಂತಕ್ಕ ನಗಲಿಲ್ಲ

ನಾವು ಚಿಕ್ಕವರಿದ್ದಾಗ ಟಿವಿಯಲ್ಲಿ ಬರುತ್ತಿದ್ದ ದೆವ್ವದ ಧಾರಾವಾಹಿಯೊಂದು ಶುರುವಾಗಿ ಇವತ್ತಿಗೆ ಮೂವತ್ತು ವರ್ಷವಂತೆ. "ಎಂಥಾ ಚಂದದ ದಿನಗಳು!" ಅಂತ ಫೇಸ್‌ಬುಕ್ಕಿನಲ್ಲಿ ಎಲ್ಲರೂ ಬರೆಯುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

ಘೋಡಗೇರಿಯ ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ; ಸಂಜೆಯಾದರೆ ಓಣಿಯ ಮಕ್ಕಳೆಲ್ಲ ನಮ್ಮಲ್ಲೇ. ಬಾಜೂ ಮನೆಯ ಶಾಂತಕ್ಕ ಸಂಜೆ ಬಂದು, ಕೊಬ್ಬರಿ ಎಣ್ಣೆ ಹಚ್ಚಿ ನನ್ನ ಜಡೆ ಹೆಣೆಯುತ್ತಾ ಟಿವಿ ನೋಡುತ್ತಿದ್ದಳು. ಸ್ಟೋವ್ ಸಿಡಿದು ಅವಳ ಒಂದು ಗಲ್ಲ ಸುಟ್ಟಿತ್ತು. ನೋಡಿ ನೋಡಿ ರೂಢಿಯಾಗಿ ನಮಗೆ ಅದು ಕಾಣುತ್ತಲೇ ಇರಲಿಲ್ಲ.

ಒಂದು ದಿನ ಆ ಧಾರಾವಾಹಿಯ ದೆವ್ವ ಮುಖ ತೋರಿಸಿತು. ಅದರ ಗಲ್ಲವೂ ಸುಟ್ಟಿತ್ತು.

"ಏ ಶಾಂತಾ, ನೀ ಯಾವಾಗ ಟಿವಿಯೊಳಗ ಹೋದಿ?" ಅಂದ ಅಪ್ಪ. ಮನೆತುಂಬ ನಗು. ನಾನೂ ನಕ್ಕೆ. ಶಾಂತಕ್ಕ ಅರ್ಧ ಹೆಣೆದ ಜಡೆ ಬಿಟ್ಟು ಎದ್ದು ಹೋದಳು.

ಮರುದಿನದಿಂದ ಓಣಿಯ ಮಕ್ಕಳು ಅವಳನ್ನು ಕಂಡರೆ "ದೆವ್ವ ಬಂತು" ಅಂತ ಕೂಗಿ ಓಡತೊಡಗಿದರು.

"ಹೋಗಿ ತಪ್ಪಾತು ಅನ್ರಿ," ಅಂದಳು ಅವ್ವ.

"ಚಾಷ್ಟಿ ಮಾಡಿದ್ದಕ್ಕೂ ತಪ್ಪಾತು ಅನ್ನಬೇಕೇನ?" ಅಂದ ಅಪ್ಪ.

ತಿಂಗಳೊಳಗೆ ಶಾಂತಕ್ಕ ಗೋಕಾಕದ ಅಣ್ಣನ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಇವತ್ತು ಅಪ್ಪನೂ ಮನೆಯವರ ಗ್ರೂಪಿಗೆ ಆ ಧಾರಾವಾಹಿಯ ಚಿತ್ರ ಕಳಿಸಿ, "ಎಲ್ಲಾರೂ ಕೂಡಿ ಎಷ್ಟ ನಕ್ಕಿದ್ವಿ!" ಅಂತ ಬರೆದಿದ್ದ. "ಶಾಂತಕ್ಕ ನಕ್ಕಿರಲಿಲ್ಲ," ಅಂತ ಬರೆದೆ. ಕೂಡಲೇ ಫೋನ್ ಮಾಡಿದ.

"ಇನ್ನೂ ಅದನ್ನ ಹಿಡಕೊಂಡ ಕುಂತಿಯೇನ?"

"ಹೌದಪ್ಪಾ," ಅಂದೆ. "ಅವತ್ತ ನಾನೂ ನಕ್ಕಿದ್ದೆ."