ಕ್ವಾರಿ ಕವಲಿನಲ್ಲಿ ನಿಂತವನು

ನನ್ನ ಮೊಮ್ಮಗಳು ಭಾಗ್ಯ ಸೈಕಲ್ ತುಳಿದುಕೊಂಡು ಕೆರೆ ಮುಟ್ಟಿ ಬಂದಳು! ಇದು ತೊಂಬತ್ತರ ದಶಕದ ಕೊನೆಯ ಮಾತು. ಈಗ ಬರೆಯುವಾಗಲೂ ಸಂತೋಷ ಎದೆಯಲ್ಲಿ ಹಿಡಿಸುವುದಿಲ್ಲ. ಟೈಫಾಯಿಡ್ ಬಂದು ತಿಂಗಳುಗಟ್ಟಲೆ ಮಲಗಿದ್ದ ಮಗು ಅದು.

ನಾಲ್ಕನೇ ಇಯತ್ತೆವರೆಗಷ್ಟೇ ಓದಿದವನು ನಾನು. ಆದರೂ ದೆವ್ವ, ಮಾಯೆ ಎಂದವರನ್ನು ನಕ್ಕು ಕಳಿಸುತ್ತಿದ್ದೆ. ಈಗ ನಗಲು ಬಾಯಿ ಬರುವುದಿಲ್ಲ.

ಕಲಬುರಗಿ ಕಡೆಯಿಂದ ಬಂದು ದೊಡ್ಡನೆಕ್ಕುಂದಿಯ ಬಾಡಿಗೆ ಕೋಣೆಯಲ್ಲಿದ್ದೆವು. ನನಗೆ ಕಾರ್ಖಾನೆಯಲ್ಲಿ ರಾತ್ರಿ ಕಾವಲು. ಸಿ.ವಿ. ರಾಮನ್ ನಗರದ ಮೂರ್ತಿಯವರು ಮಕ್ಕಳಿಗೆಂದು ಸೈಕಲ್ ಸಂಘ ಕಟ್ಟಿದ್ದರು. ಭಾನುವಾರ ಬೆಳಿಗ್ಗೆ ಕೆ.ಆರ್. ಪುರದ ಆಚೆ ಕೆರೆಯವರೆಗೆ ಸವಾರಿ. ದಾರಿ ಕವಲಾಗುವ ಕಡೆ ದೊಡ್ಡವರೊಬ್ಬರು ಮೊದಲೇ ಹೋಗಿ ನಿಂತು, ಕೊನೆಯ ಸವಾರ ದಾಟುವವರೆಗೆ ಕೈ ತೋರಿಸಬೇಕು, ಅದು ಅವರ ಪದ್ಧತಿ. ಭಾಗ್ಯ ಹೊರಟ ಆ ಭಾನುವಾರ ಕ್ವಾರಿಯ ಕವಲು ನನ್ನ ಪಾಲಿಗೆ ಬಂತು. ಬಲಕ್ಕೆ ಕೆರೆ. ಎಡಕ್ಕೆ ಇಳಿಜಾರು, ಅದರ ತುದಿಗೆ ಬೇಲಿಯಿಲ್ಲದ ಕಲ್ಲುಗುಂಡಿ.

ಪಾಳಿ ಮುಗಿಸಿ, ಕಣ್ಣು ಉರಿಯುತ್ತಿದ್ದರೂ, ಮಕ್ಕಳಿಗಿಂತ ಮೊದಲು ತಲುಪಬೇಕೆಂದು ಮಾವಿನ ತೋಪಿನ ಒಳದಾರಿ ಹಿಡಿದೆ. ನಡುವೆ ಚೈನು ತುಂಡಾಯಿತು. ಅದನ್ನು ಜೇಬಿಗೆ ಹಾಕಿಕೊಂಡು ಸೈಕಲ್ ತಳ್ಳಿದೆ. ಹೆಜ್ಜೆ ಕಿತ್ತಿಡಲಾಗದಷ್ಟು ಸುಸ್ತು. ಅಷ್ಟರಲ್ಲಿ ಅತ್ತ ದೊಡ್ಡ ರಸ್ತೆಯಲ್ಲಿ ಮಕ್ಕಳ ಬೆಲ್ಲುಗಳ ಸದ್ದು ಹಾದುಹೋಯಿತು. ಸೈಕಲ್ ಬಿಸಾಕಿ ಓಡಿದೆ. ಕವಲಿನಲ್ಲಿ ಯಾರೂ ಇಲ್ಲ. ಎಡಕ್ಕೇ ಓಡಿ ಗುಂಡಿಗೆ ಬಗ್ಗಿ ನೋಡಿದೆ. ತಳದಲ್ಲಿ ಹಸಿರು ನೀರು, ಅಷ್ಟೇ. ಜೀವ ಬಾಯಿಗೆ ಬಂದಿತ್ತು.

ಹೇಗೋ ಕೆರೆ ಸೇರಿದರೆ, ಭಾಗ್ಯ ಏರಿಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಾಳೆ! ಅಪ್ಪಿಕೊಂಡು ಅತ್ತುಬಿಟ್ಟೆ.

"ಮುತ್ಯಾ, ಯಾಕೆ ಮಾತಾಡ್ಲಿಲ್ಲ ನೀನು? ನಾನು ಎಡಕ್ಕೆ ತಿರುಗಿಸ್ಬಿಟ್ಟಿದ್ದೆ. ನೀನು ಅಡ್ಡ ಬಂದು ಕೈ ತೋರಿಸ್ದೆ."

"ನಾ ಎಲ್ಲಿ ಬಂದಿದ್ನವ್ವ ಅಲ್ಲಿಗೆ?"

ಮೂರ್ತಿಯವರು ನಕ್ಕರು. "ಸಾಕು ತಾತಾ ತಮಾಷೆ. ಕೊನೇಲಿ ಬಂದೋನು ನಾನೇ. ಮುಗೀತು, ನಡೀರಿ ಅಂದ್ರೆ ಅಲ್ಲಾಡ್ಲೇ ಇಲ್ಲ ನೀವು. ನಿಂತ್ಕೊಂಡೇ ನಿದ್ದೆ ಹೊಡೀತಿದ್ರಾ?"

ಜೇಬಿನಿಂದ ಚೈನು ತೆಗೆದು ತೋರಿಸಿ ನಡೆದದ್ದು ಹೇಳಿದೆ. ಅವರ ನಗು ನಿಂತಿತು.

ನನ್ನ ಹಾಗೇ ರುಮಾಲು ಸುತ್ತಿದ ಬೇರೆ ಮುದುಕನಿರಬಹುದು ಎಂದು ಎಷ್ಟೋ ಸಲ ಮನಸ್ಸಿಗೆ ಹೇಳಿಕೊಂಡಿದ್ದೇನೆ. ಆದರೆ ಮಗುವಿಗೆ ತನ್ನ ಮುತ್ಯಾನ ಗುರುತು ತಪ್ಪುತ್ತದೆಯೇ? ನೀವೇ ಹೇಳಿ.

ಸಂಜೆ ಮಗ, ಸೊಸೆ, ನನ್ನ ಹೆಂಡತಿ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಜ್ವರ ಬಿಟ್ಟಮೇಲೆ ಮೊದಲ ಸಲ ಭಾಗ್ಯ ಇನ್ನೊಂದು ರೊಟ್ಟಿ ಕೇಳಿದಳು. ಸೊಸೆ ಕಣ್ಣೊರೆಸಿಕೊಂಡು ಬಡಿಸಿದಳು.

"ಅಷ್ಟೊತ್ತು ನಿಂತಿದ್ಯಲ್ಲ ಮುತ್ಯಾ, ಕಾಲು ನೋಯ್ತಿದ್ಯಾ?"

"ನೋಯ್ತದವ್ವ" ಎಂದೆ. ನಿಜವಾಗಿಯೂ ನೋಯುತ್ತಿತ್ತು. ಓಡಿದ್ದಕ್ಕೋ, ನಿಂತಿದ್ದಕ್ಕೋ, ಇಂದಿಗೂ ಹೇಳಲಾರೆ. ಅವಳು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು. ತಿಂದೆ.