ಮಾವ ನನ್ನ ಮುಖ ನೋಡದಾದ ಮೇಲೆ

ಚಿಕ್ಕ ಮಗಳ ಕಣ್ಣು ಸ್ವಲ್ಪ ಓರೆ ಎನಿಸಿ ಚನ್ನಗಿರಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಪರೀಕ್ಷೆಗೆ ಮೊದಲು ಹಚ್ಚಿ ಎಂದು ಅವರು ಮುಲಾಮಿನ ಸಣ್ಣ ಟ್ಯೂಬ್ ಕೊಟ್ಟರು. ಮೇಲೆ ಅಟ್ರೋಪಿನ್ ಎಂದಿತ್ತು. ನನ್ನ ಮುಖ ನೋಡಿ ಡಾಕ್ಟರು, “ಹೆದರಬೇಡ್ರಿ, ಉಮ್ಮತ್ತಿ ಗಿಡದಲ್ಲೂ ಇರೋ ಆಲ್ಕಲಾಯ್ಡ್ ಅನ್ನೋ ಸತ್ವ ಇದು. ಹದ ತಪ್ಪಿದ್ರೆ ವಿಷ, ಹದವಾಗಿ ಹಾಕಿದ್ರೆ ಕಣ್ಣಿನ ಪಾಪೆ ಅಗಲ ಆಗುತ್ತೆ, ಅಷ್ಟೇ” ಎಂದರು. ಆ ಹೆಸರು ನಾನು ಹಿಂದೊಮ್ಮೆ ಕೇಳಿದ್ದೆ. ನನಗೆ ನೆನಪಾದದ್ದು ಮಾವ...

ಗೋವಿನಕೋವಿಗೆ ಸೊಸೆಯಾಗಿ ಹೋಗುವ ಹೊತ್ತಿಗಾಗಲೇ ಅತ್ತೆ ತೀರಿಕೊಂಡಿದ್ದರು. ಮಾವ ಬಿಗಿ ಮನುಷ್ಯ. ನಾನು ಅಂಗಳದಲ್ಲಿದ್ದರೆ ಹೆಗಲಿಗೆ ಟವೆಲ್ ಇಲ್ಲದೆ ಹೊರಗೆ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಬಾಯಿ ಬಿಚ್ಚುತ್ತಿದ್ದರು. ಹುಡುಗರಾಗಿದ್ದಾಗ ಹೊಳೆ ಈಜಿದ್ದು, ಅಪ್ಪನ ಕೈಲಿ ಏಟು ತಿಂದದ್ದು... “ನೀನೂ ಉಣ್ಣು ಬಾರವ್ವ, ಆರಿ ಹೋಗ್ತೈತೆ” ಎಂದು ಕರೆಯುತ್ತಿದ್ದರು. ತವರಿನಲ್ಲೂ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಒಂದು ಮಧ್ಯಾಹ್ನ ಮೆಣಸಿನ ಗಿಡಕ್ಕೆ ಕೀಟನಾಶಕ ಹೊಡೆದು ಬಂದವರು ಜಗಲಿಯಲ್ಲೇ ಕುಸಿದರು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಉಸಿರಿಗೆ ಒದ್ದಾಟ. ಹೊನ್ನಾಳಿಯ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಒಂದರ ಮೇಲೊಂದು ಇಂಜೆಕ್ಷನ್ ಕೊಟ್ಟರು. “ಅಟ್ರೋಪಿನ್ ಅಂತ. ಆ ವಿಷಕ್ಕೆ ಇದೇ ಮದ್ದು. ಏನೇನೋ ಬಡಬಡಿಸ್ತಾರೆ, ಗಾಬರಿ ಆಗಬ್ಯಾಡ್ರಿ” ಎಂದರು ನರ್ಸ್.

ಮರುದಿನ ಉಸಿರು ಹದಕ್ಕೆ ಬಂತು, ಎಚ್ಚರ ಸರಿಯಾಗಿ ಬರಲಿಲ್ಲ. ನಮ್ಮ ಮನೆಯವರು ಔಷಧಿ ತರಲು ಹೋಗಿದ್ದರು. ಗಾಳಿಯಲ್ಲಿ ಏನನ್ನೋ ಆರಿಸುತ್ತಿದ್ದ ಮಾವ ತಟ್ಟನೆ ಎದ್ದು ಪಂಚೆ ಕಿತ್ತೆಸೆದರು. ಇಡೀ ವಾರ್ಡು ತಿರುಗಿ ನೋಡಿತು. ಕಣ್ಣು ಮುಚ್ಚಿಕೊಂಡೇ ಹೊದಿಕೆ ಸುತ್ತಲು ಹೋದೆ. ಅವರು ನನ್ನ ಸೆರಗು ಹಿಡಿದು, “ಅವ್ವಾ, ಬಿಟ್ಟು ಹೋಗಬ್ಯಾಡ” ಎಂದು ಮಗುವಿನ ಹಾಗೆ ಅತ್ತರು. ನಾನು ಸೆರಗು ಬಿಡಿಸಿಕೊಳ್ಳದೆ ಹಾಗೇ ನಿಂತಿದ್ದೆ.

ಗುಣವಾದ ಮೇಲೆ ಅವರಿಗೆ ಅದೊಂದೂ ನೆನಪಿರಲಿಲ್ಲ. ಮನೆಗೆ ಹೊರಟ ದಿನ, ನಮ್ಮ ಮನೆಯವರು ಆಟೋ ಕರೆಯಲು ಹೋಗಿದ್ದಾಗ, ಪಕ್ಕದ ಮಂಚದವನು ನಗುತ್ತಾ ಹೇಳಿಬಿಟ್ಟ: “ಯಜಮಾನ್ರೇ, ಬರೀ ಮೈಯಾಗೆ ಸೊಸೆ ಸೆರಗು ಹಿಡ್ಕೊಂಡು ಹೆಂಗೆ ಅತ್ರಿ ಗೊತ್ತೇನ್ರಿ!”

ಮಾವ ನನ್ನ ಕಡೆ ನೋಡಿದರು. ಸುಳ್ಳು ಎಂದು ಹೇಳು ಎನ್ನುವ ಹಾಗಿತ್ತು ಆ ನೋಟ. ನಾನು ತಲೆ ತಗ್ಗಿಸಿದೆ.

ಆಮೇಲೆ ಅವರು ನನ್ನ ಮುಖ ನೋಡಲಿಲ್ಲ. ತಟ್ಟೆಯನ್ನು ಜಗಲಿಗೆ ತರಿಸಿಕೊಂಡು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, “ಮಾವ, ಅದು ಇಂಜೆಕ್ಷನ್ ಆಡಿಸಿದ್ದು. ನೀವು ನನ್ನನ್ನ ಅವ್ವ ಅಂದ್ರಿ, ಅಷ್ಟೇ” ಎಂದೆ. ಅವರು ಕೈ ಕೂಡ ತೊಳೆಯದೆ ಎದ್ದು ಹೋದರು. ಮತ್ತೆ ಆ ಮಾತು ಎತ್ತಲು ನನಗೂ ನಾಚಿಕೆಯಾಯಿತು. ಒಂದು ಬೇಸಿಗೆಯಲ್ಲಿ, ಏನೂ ಆಡದೆ... ಹೋಗಿಬಿಟ್ಟರು.

ಅವರಿಲ್ಲದೆ ವರ್ಷಗಳೇ ಕಳೆದವು. ಚನ್ನಗಿರಿಯಿಂದ ಬಂದ ಸಂಜೆ ಹೇಗೋ ಅವರ ಮಾತು ಬಂತು. “ಅಪ್ಪ ಕಡೀಕೆ ನಿನ್ನ ಜೊತಿ ಯಾಕೆ ಮಾತು ಬಿಟ್ಟಿದ್ದ?” ಎಂದು ನಮ್ಮ ಮನೆಯವರು ಮತ್ತೆ ಕೇಳಿದರು. “ನೀನೇನಾರ ಅಂದಿದ್ಯಾ?”

“ಹೂಂ, ಅಂದಿರಬೇಕು” ಎಂದೆ.